ಕಾವೂರಿನ ಅಂಗಳದಲ್ಲಿ ಹಸಿರು ಕಾರು

ಭಾನುವಾರ ಕಾವೂರಿಗೆ ಹೋಗಿ ಮೋಕ್ಷಾಳ ಅಪ್ಪನ ಬಳಿ ಮದುವೆಯ ಮಾತೆತ್ತುವುದೆಂದು ರೂಪೇಶ್ ನಿಶ್ಚಯಿಸಿದ್ದ. ಅಪ್ಪನ ಹೆಸರು ಮುದ್ದು, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಹೆಸರಲ್ಲಿ ಬಿಟ್ಟರೆ ಬೇರೆಲ್ಲೂ ಮುದ್ದಿಲ್ಲ. ಅವರನ್ನು ಒಲಿಸಿಕೊಳ್ಳಲು ದೇರೆಬೈಲಿನ ಈ ಟೈಲ್ಸ್ ವ್ಯಾಪಾರಿ ತನ್ನ ಬಿಳಿ ಕಾರಿಗೆ ಮಿಲಿಟರಿ ಹಸಿರು ಬಳಿಸಿದ. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ಬನ್ನಿ ಎಂದು ಪೈಂಟರ್ ನವಾಝ್ ಎರಡು ಸಲ ಹೇಳಿದ್ದ. ಭಾನುವಾರ ಯಾರಿಗೂ ಕಾಯುವುದಿಲ್ಲ ಎಂದು ರೂಪೇಶ್ ಅವನ ಬಾಯಿ ಮುಚ್ಚಿಸಿದ್ದ.

ಕಾರು ಅಂಗಳಕ್ಕೆ ಬಂದದ್ದೇ ಮುದ್ದು ಎದ್ದು ನಿಂತರು. ಸೆಲ್ಯೂಟ್ ಹೊಡೆಯುತ್ತಾರೆಂದೇ ರೂಪೇಶ್ ಎಣಿಸಿದ. ಅವರು ಕಾರಿಗೆ ಒಂದು ಸುತ್ತು ಬಂದು ಆರ್‌ಸಿ ಕೇಳಿದರು.

"ಇದರಲ್ಲಿ ಬಿಳಿ ಅಂತ ಉಂಟು. ನನ್ನ ಕಣ್ಣಿಗೆ ಎಂತ ಆಯ್ತು?"

"ನಿಮ್ಮ ಮೇಲಿನ ಗೌರವಕ್ಕೆ ಬಳಿಸಿದ್ದು, ಅಂಕಲ್."

"ಈ ಬಣ್ಣ ಸೈನ್ಯದ ಗಾಡಿಗೆ ಮಾತ್ರ, ಮಾರಾಯ. ಇಪ್ಪತ್ತೆಂಟು ವರ್ಷ ದುಡಿದ ನಾನೇ ನನ್ನ ಸ್ಕೂಟರಿಗೆ ಬಳಿಸಲಿಲ್ಲ."

ರೂಪೇಶನ ಮುಖದ ಬಣ್ಣ ಬದಲಾಯಿತು. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಕಾರಿನದ್ದು ಹಾಗಲ್ಲ ಎಂದು ಮುದ್ದು ಬೆರಳು ಮಡಚುತ್ತಾ ಪಾಠ ಶುರುಮಾಡಿದರು. ಮೊದಲು ಆರ್‌ಟಿಒಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕು, ಪೈಂಟ್ ಆಮೇಲೆ. ಮತ್ತೆ ಗಾಡಿಯನ್ನು ತೋರಿಸಿ ಆರ್‌ಸಿಯಲ್ಲಿ ಹೊಸ ಬಣ್ಣ ಬರೆಸಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಈ ಹಸಿರಿಗಂತೂ ಒಪ್ಪಿಗೆಯೇ ಸಿಗದು. ಕೇಳುವ ಮೊದಲೇ ಬಣ್ಣ ಬಳಿಯುವವನಿಗೆ ಮಗಳನ್ನು ಹೇಗೆ ಕೊಡುವುದು ಎಂಬಲ್ಲಿಗೆ ಪಾಠ ಬಂದು ನಿಂತಿತು.

ರೂಪೇಶ್ ಕಾರಿನ ಕೀಯನ್ನು ಅವರ ಮುಂದಿಟ್ಟ.

"ಇನ್ನು ಇದನ್ನು ರಸ್ತೆಗೆ ಇಳಿಸುವುದಿಲ್ಲ. ನವಾಝನನ್ನು ಇಲ್ಲಿಗೇ ಕರೆಸಿ ಬಿಳಿ ಮಾಡಿಸ್ತೇನೆ. ಮೋಕ್ಷಾಳನ್ನು ಆಮೇಲೆ ಕೇಳ್ತೇನೆ."

ಮುದ್ದು ಕೀಯನ್ನು ಎತ್ತಿ ಕಿಸೆಗೆ ಹಾಕಿಕೊಂಡರು.

"ಕೆಲಸ ಮುಗಿಯುವವರೆಗೆ ನೀನು ದಿನಾ ಬಂದು ಎದುರು ನಿಂತು ಮಾಡಿಸಬೇಕು. ಬಸ್ಸಿನಲ್ಲಿ ಬಾ."

ಕೂಡಲೇ ಒಳಗಿನಿಂದ ಮುದ್ದು ಅವರದ್ದೇ ಗಡಸು ದನಿಯಲ್ಲಿ ಆಜ್ಞೆ ಹೊರಟಿತು: "ಬೆಳಿಗ್ಗೆ ಏಳಕ್ಕೆ ಹಾಜರಾಗು. ತಿಂಡಿ ಇಲ್ಲಿಯೇ."

ಮುದ್ದು ತಮ್ಮ ಮುಚ್ಚಿದ ಬಾಯನ್ನು ಮುಟ್ಟಿ ನೋಡಿಕೊಂಡರು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಮೋಕ್ಷಾ ಸೌಟು ಹಿಡಿದು, ಅಪ್ಪನಂತೆಯೇ ಎದೆ ಸೆಟೆಸಿ ನಿಂತಿದ್ದಳು. ಮುದ್ದು ಗಂಭೀರವಾಗಿರಲು ನೋಡಿದರು. ಮೀಸೆ ಕೇಳಲಿಲ್ಲ, ಅದು ಮೊದಲು ನಕ್ಕಿತು.

"ಏಳಕ್ಕೆ ಅಲ್ಲ, ಆರೂವರೆಗೆ," ಎಂದರು. "ಮತ್ತೆ ಆ ನವಾಝನಿಗೆ ಹೇಳು, ಗಡಿಬಿಡಿ ಬೇಡ. ನಿಧಾನಕ್ಕೆ ಮಾಡಲಿ."