ಏಪ್ರಿಲ್ ಎಂಟರ ತನಕ

ಬಸ್ಸು ಯಾವಾಗ ಬಿಡ್ತಾರೋ ಅಂತ ಕೋಣಂದೂರಿಗೆ ಕೋಣಂದೂರೇ ಕಾಯುತ್ತಿದ್ದರೆ, ಬಿಡದೇ ಇದ್ದರೆ ಸಾಕಪ್ಪಾ ಅಂತ ಕೈಮುಗಿಯುತ್ತಿದ್ದವಳು ಶಿಲ್ಪಶ್ರೀ ಒಬ್ಬಳೇ. ಅವಳ ಗಂಡ ಸುರೇಂದ್ರ ಸಾಗರದಲ್ಲಿದ್ದ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಓಡುವ ಪ್ರೈವೇಟ್ ಬಸ್ಸಿನ ಡ್ರೈವರು. ಲಾಕ್‌ಡೌನ್ ಆಗಿ ಬಸ್ಸು ನಿಂತಿತು, ದಾರಿಗೆ ಚೆಕ್‌ಪೋಸ್ಟ್ ಬಿತ್ತು, ಅವನು ಅಲ್ಲೇ ಉಳಿದ. ಮದುವೆಯಾದ ಒಂಬತ್ತು ವರ್ಷದಲ್ಲಿ ಅವಳು ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡಿದ್ದು ಅಂದರೆ ಆ ಎರಡು ತಿಂಗಳು. ಹೊರಗೆ ಹೇಳಿಕೊಳ್ಳುವ ಹಾಗಿರಲಿಲ್ಲ. ಜನ ಸಾಯುತ್ತಿರುವಾಗ ಇವಳಿಗೇನು ಸುಖ ಅಂತಾರೆ.

ಜನವರಿಯಲ್ಲಿ ಅವನು ಅವಳ ಎಡಗೈ ಮುರಿದಿದ್ದ. ಮಗಳು ಶ್ರಾವ್ಯಾಳನ್ನು ಕರೆದುಕೊಂಡು ಕೋಣಂದೂರಿಗೆ ಬಂದು, ಮಾಸ್ತಮ್ಮನವರ ಹಿಟ್ಟಿನ ಗಿರಣಿಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದು, ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ತೀರ್ಥಹಳ್ಳಿಯ ವಕೀಲೆ ಯಶಸ್ವಿನಿ ಕೇಸು ಹಾಕಿಸಿ, ಫೆಬ್ರವರಿಯಲ್ಲಿ ಕೋರ್ಟಿನಿಂದ ಒಂದು ಆದೇಶ ಕೊಡಿಸಿದ್ದರು. ಸುರೇಂದ್ರ ಅವಳ ಮನೆಗಾಗಲಿ, ಮಗಳ ಶಾಲೆಯ ಹತ್ತಿರವಾಗಲಿ ಬರಕೂಡದು. ಕಾಗದ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಅವಳಿಗೆ ಓದಲು ಬಂದದ್ದು ಕೊನೆಯ ಸಾಲಿನ ತಾರೀಕು ಮಾತ್ರ. ಏಪ್ರಿಲ್ ಎಂಟರ ತನಕ.

ಏಪ್ರಿಲ್ ಎಂಟಕ್ಕೆ ಕೋರ್ಟಿಗೇ ಬೀಗ. ಅವಳ ಕೇಸನ್ನು ಯಾರೂ ಕೂಗಲಿಲ್ಲ.

ಆಮೇಲೊಂದು ದಿನ ಮಾಸ್ತಮ್ಮನ ಪೇಪರಿನಲ್ಲಿ ಎರಡು ಕಾಲಮ್ಮಿನ ಸುದ್ದಿ ಬಂತು: ಕೆಳಗಿನ ಕೋರ್ಟುಗಳ ಮಧ್ಯಂತರ ಆದೇಶಗಳನ್ನೆಲ್ಲ ಹೈಕೋರ್ಟು ಮುಂದುವರಿಸಿದೆ. ಶಿಲ್ಪಶ್ರೀ ಅದನ್ನು ಕತ್ತರಿಸಿ ಇಟ್ಟುಕೊಂಡಳು. ಆದರೆ ಮಧ್ಯಂತರ ಅಂದರೆ ಅವಳಿಗೆ ಗೊತ್ತಿದ್ದದ್ದು ಚುನಾವಣೆ, ಇಲ್ಲವೇ ಶಾಲೆಯ ರಜೆ. ತನ್ನ ಇಂಗ್ಲಿಷ್ ಕಾಗದ ಆ ಜಾತಿಗೆ ಸೇರಿದ್ದೋ ಅಲ್ಲವೋ, ಯಾರನ್ನು ಕೇಳುವುದು?

ಜೂನಿನಲ್ಲಿ ಒಂದು ಶುಕ್ರವಾರ ಸುರೇಂದ್ರನ ವಾಯ್ಸ್ ಮೆಸೇಜು ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ. ಕುಡಿದ ಹಾಗೂ ಇರಲಿಲ್ಲ. ಅದೇ ಅವಳನ್ನು ಹೆದರಿಸಿತು, ಯಾಕೆಂದರೆ ಹೊಡೆಯುವ ದಿನ ಅವನು ಬೆಳಗ್ಗಿನಿಂದಲೇ ಹೀಗೆ ಮೆತ್ತಗಿರುತ್ತಿದ್ದ.

"ಸೋಮವಾರದಿಂದ ಗಾಡಿ ಬಿಡ್ತಾರೆ ಕಣೇ. ನಿನ್ನ ಸ್ಟೇ ಮುಗೀತಲ್ಲ? ಬರ್ತೀನಿ. ಮಗಳನ್ನ ಕರ್ಕೊಂಡು ಹೋಗ್ತೀನಿ."

ಶನಿವಾರ ಬೆಳಗ್ಗೆಯೇ ಅವಳು ಪೊಲೀಸರ ಹತ್ತಿರ ಹೋದಳು. ಠಾಣೆಯ ಮುಂದಿನ ಬ್ಯಾರಿಕೇಡಿನ ಹತ್ತಿರ ಕಾನ್‌ಸ್ಟೆಬಲ್ ಅಶ್ವಿನ್ ಇದ್ದ, ಒಳ್ಳೆಯ ಹುಡುಗ ಅಂತ ಊರಲ್ಲಿ ಹೆಸರು. ನನ್ ಹತ್ರ ಸ್ಟೇ ಇದೆ ಸರ್, ಅದು ಇನ್ನೂ ನಡೆಯುತ್ತಾ ಅಂತ ಕೇಳಿದಳು. ಅವನು ನಕ್ಕ. ಸ್ಟೇ ಎಲ್ಲ ಸಿವಿಲ್ಲು ಅಮ್ಮ, ಬೇಲಿದು, ದಾರಿದು, ಬಾವಿದು ಅಂತ ಈ ಠಾಣೆ ಒಂದರಲ್ಲೇ ನಲವತ್ತು ಜನ ಸ್ಟೇ ಹಿಡ್ಕೊಂಡು ಬರ್ತಾರೆ, ನಾವು ಅದಕ್ಕೆ ಕೈ ಹಾಕಲ್ಲ, ಕೋರ್ಟಿಗೆ ಹೋಗಿ ಅಂದ. ಕೋರ್ಟು ಮುಚ್ಚಿದೆಯಲ್ಲ ಅಂದಳು. ಅಷ್ಟರಲ್ಲಿ ಮಾಸ್ಕಿಲ್ಲದ ಬೈಕೊಂದು ಬಂತು, ಅವನು ಆ ಕಡೆ ಹೋದ.

ವಕೀಲೆಯ ಫೋನು ಎರಡು ದಿನ ಸ್ವಿಚ್ ಆಫ್. ಭಾನುವಾರ ಮಧ್ಯಾಹ್ನ ಗಿರಣಿಯ ಹಿಂದಿನ ಬಟ್ಟೆ ಒಗೆಯುವ ಕಲ್ಲು ಹತ್ತಿ ನಿಂತಾಗ ಸಿಗ್ನಲ್ಲೂ ಸಿಕ್ಕಿತು, ಅವರೂ ಸಿಕ್ಕಿದರು. ಮನೆಯವರಿಗೆಲ್ಲ ಜ್ವರವಂತೆ, ದನಿ ಒಡೆದಿತ್ತು. ಎಲ್ಲ ಕೇಳಿಸಿಕೊಂಡರು.

"ಪೊಲೀಸರಿಗೆ ಏನಂತ ಹೇಳಿದ್ರಿ ನೀವು?"

"ಸ್ಟೇ ಅಂತ ಮೇಡಂ."

"ಅದನ್ನ ಸ್ಟೇ ಅಂತ ಯಾರು ಹೇಳಿದ್ದು ನಿಮಗೆ?"

ಯಾರೂ ಹೇಳಿರಲಿಲ್ಲ. ಕೋರ್ಟಿನಿಂದ ಯಾವ ಕಾಗದ ಬಂದರೂ ಆ ಕಡೆ ಅದಕ್ಕೆ ಇರುವುದು ಒಂದೇ ಹೆಸರು. ಅವಳ ಅಪ್ಪನ ಬೇಲಿಯ ಜಗಳಕ್ಕೂ ಸ್ಟೇ, ಅವಳ ಮುರಿದ ಕೈಗೂ ಸ್ಟೇ.

"ಇದು ರಕ್ಷಣಾ ಆದೇಶ ಶಿಲ್ಪಾ. ಮೀರಿದ್ರೆ ಕ್ರಿಮಿನಲ್, ಜೈಲಾಗುತ್ತೆ. ಅದಕ್ಕೆ ಇನ್ನೂ ಜೀವ ಇದೆ, ಹೈಕೋರ್ಟು ಮುಂದುವರಿಸಿದೆ. ಆ ಪ್ರತಿ ಕಳಿಸ್ತೀನಿ. ಇನ್ನೊಂದು ಸಲ ಸ್ಟೇ ಅನ್ನಬೇಡಿ. ರಕ್ಷಣಾ ಆದೇಶದ ಉಲ್ಲಂಘನೆ ಅನ್ನಿ."

ಆ ದಿನವೆಲ್ಲ ಪಂಚಾಯಿತಿಗೆ ಮಾಸ್ಕು ಹೊಲಿಯುತ್ತ ಅವಳು ಆ ಮಾತನ್ನು ಬಾಯಿಪಾಠ ಮಾಡಿದಳು. ಉಲ್ಲಂಘನೆ ಅನ್ನುವುದಕ್ಕೆ ನಾಲಿಗೆ ತಿರುಗಲಿಲ್ಲ. ಮೂರನೇ ಕ್ಲಾಸಿನ ಶ್ರಾವ್ಯಾ ಟೀಚರ್ ಥರ ನಿಂತು ಹೇಳಿಕೊಟ್ಟಳು.

ಸೋಮವಾರ ಹನ್ನೊಂದು ಗಂಟೆಗೆ ಯಾರೋ ಬಾಗಿಲನ್ನು ಎರಡು ಸಲ ಬಡಿದರು.

"ಶ್ರಾವ್ಯಾ, ಪಪ್ಪ ಬಂದಿದೀನಿ ಪುಟ್ಟಿ."

ಮಗಳು ಅಭ್ಯಾಸಬಲದಿಂದ ಎದ್ದಳು. ಶಿಲ್ಪಶ್ರೀ ಅವಳ ಫ್ರಾಕು ಹಿಡಿದು ಕೂರಿಸಿ, ಚಿಲಕ ನೋಡಿ, ಠಾಣೆಗೆ ಫೋನು ಮಾಡಿದಳು. ತೆಗೆದವನು ಅಶ್ವಿನ್. ರಕ್ಷಣಾ ಆದೇಶ ಅಂದಳು, ಉಲ್ಲಂಘನೆ ಅಂದಳು, ಮೊನ್ನೆ ಸ್ಟೇ ಅಂದದ್ದು ನನ್ನ ತಪ್ಪು ಅಂದಳು. ಆ ಕಡೆಯಿಂದ ನಗು ಬರಲಿಲ್ಲ. ಪ್ರತಿ ಕಳಿಸಿ ಅಂತ ನಂಬರು ಕೊಟ್ಟ. ತನ್ನ ಆದೇಶದ ಫೋಟೋವನ್ನೂ ವಕೀಲೆ ಕಳಿಸಿದ್ದ ಹೈಕೋರ್ಟಿನ ಪ್ರತಿಯನ್ನೂ ಕಳಿಸಿದಳು. ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಒಳಗಿನಿಂದ ಮಾತು ಹೇಗೋ ಹೋಗಿತ್ತು, ಸರಿಯಾದ ಸಿಗ್ನಲ್ ಇದ್ದದ್ದು ಹೊರಗಿನ ಕಲ್ಲಿನ ಮೇಲೆ.

ಹೊರಗೆ ಸುರೇಂದ್ರ ಮಾಸ್ತಮ್ಮನ ಹತ್ತಿರ ಮಾತಾಡುತ್ತಿದ್ದ. ಅಮ್ಮಾ, ನೀವೇ ನೋಡಿ, ತಾರೀಕು ಏಪ್ರಿಲ್ ಎಂಟು, ಈಗ ಜೂನು ಅಂತ ತನ್ನ ಪ್ರತಿಯನ್ನು ತೋರಿಸುತ್ತಿದ್ದ. ಮಾಸ್ತಮ್ಮನಿಗೂ ಇಂಗ್ಲಿಷ್ ಬಾರದು, ಅಂಕಿ ಓದಲು ಬರುತ್ತಿತ್ತು. ಅಷ್ಟೇ ಸಾಕಾಯಿತು.

"ಹೌದಲ್ಲೇ ಶಿಲ್ಪಾ, ಇದು ಮುಗಿದೇಹೋಗಿದೆ. ಅಷ್ಟು ದೂರದಿಂದ ಬಂದಿದಾನೆ. ಬಾಗಿಲು ತೆಗಿ, ಒಂದ್ ಲೋಟ ನೀರು ಕೊಡು."

ಅವಳು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಗಿರಣಿಯ ಷಟರ್ ಎತ್ತಿದ ಸದ್ದಾಯಿತು. ಆಗ ಹೊಳೆಯಿತು. ಗಿರಣಿಯ ಒಳಗಿಂದ ಈ ಕೋಣೆಗೆ ಒಂದು ಬಾಗಿಲಿತ್ತು, ಅದಕ್ಕೆ ಇದ್ದದ್ದು ಬೆರಳುದ್ದದ ಒಂದು ಮರದ ಅಗಳಿ. ನೆಟ್ಟಗಾಗದ ಎಡಗೈಯನ್ನೂ ಹಚ್ಚಿ ಹೊಲಿಗೆ ಮಿಷನನ್ನು ಎಳೆದು ಆ ಬಾಗಿಲಿಗೆ ಆನಿಸಿದಳು. ಬೆನ್ನು ಕೊಟ್ಟು ಕೂತಳು. ಮಗಳೂ ಬಂದು ಪಕ್ಕದಲ್ಲಿ ಬೆನ್ನು ಕೊಟ್ಟು ಕೂತಳು.

ಆ ಬದಿಯಿಂದ ಒಂದು ಅಂಗೈ ಬಾಗಿಲನ್ನು ಒತ್ತಿತು. ಬಡಿಯಲಿಲ್ಲ. ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು. ಅಗಳಿ ಕಿರ್ ಎಂದಿತು.

"ತೆಗೀತೀಯಾ, ನಾನೇ ತೆಗೀಲಾ?" ಈಗಲೂ ಮೆತ್ತಗಿನ ದನಿ.

ತೊಡೆಯ ಮೇಲಿದ್ದ ಫೋನು ನಡುಗಿತು. ಪ್ರತಿ ಯಾವಾಗ ಹೋಗಿ ಮುಟ್ಟಿತ್ತೋ. "ಓದಿದೆ. ಹೊರಟಿದೀವಿ. ಯಾವ ಬಾಗಿಲೂ ತೆಗೀಬೇಡಿ," ಅಂತ ಬರೆದಿದ್ದ ಅಶ್ವಿನ್.

ಜೀಪು ಬರಲು ಹಿಡಿದದ್ದು ಹನ್ನೆರಡು ನಿಮಿಷ. ಅಷ್ಟರಲ್ಲಿ ಅಗಳಿಯ ಒಂದು ಮೊಳೆ ಕಿತ್ತು ಬಂದಿತ್ತು. ಸಾರ್, ಡೇಟ್ ನೋಡಿ ಸಾರ್ ಅಂತ ಸುರೇಂದ್ರ ಹೇಳುವುದು ಕೇಳಿಸಿತು. ನೋಡಿದೀನಿ, ನಿನಗೆ ಗೊತ್ತಿಲ್ಲದ್ದನ್ನೂ ನೋಡಿದೀನಿ, ಜೀಪು ಹತ್ತು ಅಂತ ಅಶ್ವಿನ್ ಅಂದದ್ದೂ ಕೇಳಿಸಿತು. ಅಯ್ಯೋ, ನಂಗೇನು ಗೊತ್ತಪ್ಪಾ, ಅಂಕಿ ನೋಡಿ ಹೇಳ್ದೆ ಅಂತ ಮಾಸ್ತಮ್ಮ ಗೊಣಗುತ್ತಿದ್ದರು.

ಆಮೇಲೆ ಅಶ್ವಿನ್ ಮುಂದಿನ ಬಾಗಿಲಿಗೆ ಬಂದ. ಅವನನ್ನು ಜೀಪಿನಲ್ಲಿ ಕೂರಿಸಿದೆ ಅಂದ. ಅಮ್ಮ, ಬಾಗಿಲು ತೆಗೀರಿ, ಕಂಪ್ಲೇಂಟಿಗೆ ಸೈನ್ ಬೇಕು ಅಂದ.

ಶಿಲ್ಪಶ್ರೀ ಎದ್ದು ಬಂದು ಚಿಲಕಕ್ಕೆ ಕೈ ಹಾಕಿದಳು. ತೆಗೆಯಲಿಲ್ಲ. ಸುರೇಂದ್ರ ಕೂತಿದ್ದ ಜೀಪಿನ ಇಂಜಿನ್ ಇನ್ನೂ ಅಲ್ಲೇ ಗುರುಗುಡುತ್ತಿತ್ತು.

"ಕೆಳಗಿಂದ ಕೊಡಿ ಸರ್," ಅಂದಳು.

ಬಾಗಿಲ ಕೆಳಗಿನ ಸಂದಿಯಿಂದ ಕಾಗದ ಒಳಗೆ ಸರಿಯಿತು, ಅದರ ಹಿಂದೆ ಪೆನ್ನು ಉರುಳಿ ಬಂತು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಸೈನು ಹಾಕಿದಳು. ಅದು ಅವಳ ಸೈನಿನ ಹಾಗೆ ಕಾಣುತ್ತಿರಲಿಲ್ಲ. ಕಾಗದವನ್ನು ಬಂದ ದಾರಿಯಲ್ಲೇ ಹೊರಗೆ ತಳ್ಳಿದಳು.