ತೆರೆದ ಕಣ್ಣಿನ ನಿದ್ದೆ

ಶಾಲಾ ವ್ಯಾನ್ ಓಡಿಸುತ್ತಿದ್ದ ಆಕೆಗೆ ಆ ಹಣೆಪಟ್ಟಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮಿದುಳಿನ ಅಲೆಗಳನ್ನು ಅಳೆದು, ತೂಕಡಿಕೆ ಸುಳಿದರೆ ಕಿರುಚುವ ಪಟ್ಟಿ ಅದು. ಶಾಲೆಯವರು ಎಲ್ಲ ಚಾಲಕರಿಗೂ ಕಟ್ಟಿಸಿದ್ದರು. ಅವಳದ್ದು ಮಾತ್ರ ಮಧ್ಯಾಹ್ನವಾದರೆ ಸಾಕು, ಬಾಯಿ ಮುಚ್ಚುತ್ತಿರಲಿಲ್ಲ.

"ಕಣ್ಣು ಬಿಟ್ಕೊಂಡೇ ಇದ್ದೀನಲ್ಲ, ಇದಕ್ಕೇನು ದೆವ್ವ ಹಿಡಿದಿದ್ಯಾ?"

ಅದೇ ವ್ಯಾನಿನಲ್ಲಿ ಆಯಾ ಆಗಿದ್ದ ನಾದಿನಿ ನಗುತ್ತಿದ್ದಳು. "ನಮ್ಮಮ್ಮ ಬೈದ್ರೂ ಕಿವಿಗೆ ಹಾಕ್ಕೊಳ್ಳೋರಲ್ಲ ನೀವು. ಒಂದು ಪಟ್ಟಿ ಕೂಗಿದ್ರೆ ಹೀಗಾಡ್ತೀರಲ್ಲ ಅತ್ತಿಗೆ!"

ಒಂದು ದಿನ ತಲೆ ಕೆಟ್ಟು ಅದರ ಸದ್ದನ್ನೇ ಅಡಗಿಸಿ ಹೊರಟಳು. ಹಿಂದೆ ಮಕ್ಕಳು ಕಿಚಿಕಿಚಿ ಎನ್ನುತ್ತಿದ್ದರು. ದಾರಿ ಸಲೀಸಾಗಿತ್ತು.

"ಸೇತುವೆ ಹತ್ರ ಬಂತು, ಎಲ್ಲರೂ ಕೂತ್ಕೊಳ್ಳಿ" ಎಂದಳು.

ನಾದಿನಿಯ ಮುಖ ಬಿಳಿಚಿಕೊಂಡಿತ್ತು. "ಅತ್ತಿಗೆ, ಸೇತುವೆ ದಾಟಿ ಆಯ್ತಲ್ಲ. ಲಾರಿ ಎದುರಿಗೆ ಬಂತು, ನಾನು ಕೂಗಿದೆ, ನೀವು ಪಕ್ಕಕ್ಕೆ ಎಳೆದ್ರಿ. ಕೂದಲೆಳೆಯಲ್ಲಿ ಉಳಿದ್ವಿ."

ಅವಳಿಗೆ ಲಾರಿಯೂ ನೆನಪಿರಲಿಲ್ಲ, ಕೂಗೂ ನೆನಪಿರಲಿಲ್ಲ. ಹೇಗೋ ಬದಿಗೆ ತಂದು ನಿಲ್ಲಿಸಿದಳು. ಸ್ಟಿಯರಿಂಗ್ ಹಿಡಿದ ಬೆರಳುಗಳು ಬಿಡಿಸಿಕೊಳ್ಳಲು ಒಲ್ಲೆನ್ನುತ್ತಿದ್ದವು.

"ಆಂಟಿ, ಯಾಕೆ ನಿಂತ್ವಿ?" ಎಂದಿತು ಒಂದು ಪುಟ್ಟ ದನಿ.

"ಏನಿಲ್ಲ ಕಂದಾ, ಬೇರೆ ಅಂಕಲ್ ಬರ್ತಾರೆ." ಬೇರೆ ಚಾಲಕನನ್ನು ಕಳಿಸಿ ಎಂದು ಶಾಲೆಗೆ ಫೋನ್ ಮಾಡಿದಳು.

ಮರುದಿನ ಶಾಲೆಯ ತಂತ್ರಜ್ಞ ಹಣೆಪಟ್ಟಿ ದಾಖಲಿಸಿಕೊಂಡಿದ್ದ ಗೆರೆಗಳನ್ನು ಕಂಪ್ಯೂಟರಿನಲ್ಲಿ ತೋರಿಸಿದ. ಒತ್ತೊತ್ತಾಗಿ ನಡುಗುತ್ತಿದ್ದ ಗೆರೆ ಸೇತುವೆಯ ಜಾಗದಲ್ಲಿ ಸಡಿಲಗೊಂಡು ಅಲೆಅಲೆಯಾಗಿ ಉದ್ದಕ್ಕೆ ಹರಡಿತ್ತು. "ಕಣ್ಣು ತೆರೆದೇ ಇತ್ತಕ್ಕಾ. ಒಳಗೆ ಮಾತ್ರ ನಿದ್ದೆ. ಇಂಥದ್ದು ಹಿಂದೆನೂ ಎಷ್ಟೋ ಸಲ ಆಗಿದೆ."

ಎಷ್ಟೋ ಸಲ! ಹಾಗಾದರೆ ತಾನು ಮಕ್ಕಳನ್ನು ಎಂತೆಂಥ ಕಡೆ ಕುರುಡಾಗಿ ಸಾಗಿಸಿದ್ದೆ? ಆ ರಾತ್ರಿ ಊಟ ಸೇರಲಿಲ್ಲ.

ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ರಾತ್ರಿ ನಿದ್ದೆ ಕೆಟ್ಟು ಹಗಲು ಹೀಗಾಗುತ್ತದೆ ಎಂದರು ವೈದ್ಯರು. ಚಿಕಿತ್ಸೆ ನಡೆಯಿತು, ಗುಣವೂ ಆಯಿತು. ಇನ್ನು ಧೈರ್ಯವಾಗಿ ಓಡಿಸಬಹುದೆಂದು ಬರೆದೂ ಕೊಟ್ಟರು. ಆದರೆ ವ್ಯಾನಿನ ಬಾಗಿಲು ತೆರೆದವಳಿಗೆ ಚಾಲಕನ ಸೀಟಿಗೆ ಏರಲು ಆಗಲಿಲ್ಲ. ನಾದಿನಿ ಬೇರೆ ವ್ಯಾನಿಗೆ ಹೋದಳು. ಇವಳು ಇಲ್ಲಿ ಆಯಾ ಆದಳು.

ಈಗ ಹೊಸ ಚಾಲಕನ ಹಿಂದೆಯೇ ಕೂರುತ್ತಾಳೆ. ಆತ ಒಳ್ಳೆಯವನು, ಹುಷಾರಿನವನು. ಆದರೂ ದಾರಿಯುದ್ದಕ್ಕೂ ಅವಳ ದೃಷ್ಟಿ ಕನ್ನಡಿಯಲ್ಲಿ ಕಾಣುವ ಅವನ ಕಣ್ಣುಗಳ ಮೇಲೆಯೇ. ಅವು ತೆರೆದಿವೆ. ಅದಕ್ಕೇ ಅವಳಿಗೆ ಜೀವ ಝಲ್ಲೆನ್ನುತ್ತದೆ.