ಪೆನ್ಸಿಲ್ಲಿನ ಹನ್ನೊಂದು ಚುಕ್ಕಿ

ಶಿವಮೂರ್ತಿ ಕೊಟ್ಟ ಎರಡು ಹಾಳೆಯನ್ನು ಓದಿ ಮುಗಿಸಿದ ನಿಂಗರಾಜು ಅದನ್ನು ಮೇಜಿನ ಮೇಲೆ ಮಗುಚಿ ಹಾಕಿದ. ಮಗುಚಿದ ರೀತಿಯಲ್ಲೇ ಉತ್ತರವಿತ್ತು.

“ಮರಿಯಯ್ಯ ಎಡಗೈಲಿ ಚೆಂಡು ಪುಟಿಸ್ಕಂಡು ಓಡ್ತಿದ್ದ, ಶಂಕರ ಬೆನ್ನಿಂದೆಯಿಂದ ಪಾಸ್ ಕೊಡ್ತಿದ್ದ. ಎಲ್ಲಾ ಬರ್ದಿದ್ದೀಯ. ನಾನೆಲ್ಲಿದ್ದೀನಿ ಕಣಯ್ಯಾ?”

“ಕೊನೇಲಿ ಇದ್ದೀರಿ ಸಾರ್. ಬುಟ್ಟಿಗೆ ಹಾಕೋದ್ರಲ್ಲಿ ನಿಮ್ಮಂಥವರು ಇರಲಿಲ್ಲ ಅಂತ.”

“ಆಕೋದು ಯಾವನಾದ್ರೂ ಆಕ್ತನೆ. ಗುಂಡ್ಲುಪೇಟೆ ಫೈನಲ್‌ನಲ್ಲಿ ಮುರ್ದ ಬೆರಳಲ್ಲಿ ಹದಿನಾಲ್ಕು ಪಾಸ್ ಕೊಟ್ಟೋನು ಯಾರು? ಏಳ್ನೇ ನಂಬ್ರು ಯಾರ್ದು? ನಿನ್ ಸ್ಕೋರ್ ಪುಸ್ತಕದಲ್ಲೇ ಅದೆ, ತೆಗ್ದು ನೋಡು.” ಸೊಟ್ಟಗಾಗಿದ್ದ ಕಿರುಬೆರಳನ್ನು ನಿಂಗರಾಜು ಅವನ ಮೂಗಿನ ಮುಂದೆ ಹಿಡಿದ. “ಅದ್ನೇ ಮೊದ್ಲು ಬರಿ. ಸೋಮವಾರ ಪ್ರೆಸ್ಸಿಗೆ ಓಗ್ಬೇಕು.”

ಅದು ತೊಂಬತ್ತೈದನೆಯ ಇಸವಿ. ಚಾಮರಾಜನಗರದ ಕಾಲೇಜಿಗೆ ಇಪ್ಪತ್ತೈದು ತುಂಬಿತ್ತು, ಸ್ಮರಣ ಸಂಚಿಕೆ ತರುತ್ತಿದ್ದರು. ನಿಂಗರಾಜು ಒಂದು ಕಾಲದ ಬ್ಯಾಸ್ಕೆಟ್‌ಬಾಲ್ ಕ್ಯಾಪ್ಟನ್. ಈಗ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವನು, ಆಡಳಿತ ಮಂಡಳಿಯ ಸದಸ್ಯ, ಸಂಚಿಕೆ ಸಮಿತಿಯ ಅಧ್ಯಕ್ಷ. ಶಿವಮೂರ್ತಿ ಅದೇ ಕಾಲೇಜಿನ ಗುಮಾಸ್ತ. ಜವಾನನಾಗಿ ಸೇರಿ, ಸಂಜೆ ತರಗತಿಗಳಲ್ಲಿ ಬಿ.ಎ. ಮುಗಿಸಿ ಆ ಕುರ್ಚಿಗೆ ಏರಿದವನು. ಜವಾನನಾಗಿದ್ದಾಗ ತಂಡದ ಜೊತೆ ಹೋಗಿ ಸ್ಕೋರ್ ಪುಸ್ತಕ ಬರೆಯುವ ಕೆಲಸವೂ ಅವನದೇ ಆಗಿತ್ತು. ಆದ್ದರಿಂದ ‘ನಮ್ಮ ಕಾಲೇಜಿನಲ್ಲಿ ಚೆಂಡು ಆಡಿಸಿದವರು’ ಎಂಬ ಲೇಖನ ಅವನ ತಲೆಗೇ ಬಿತ್ತು.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವನು ಬೀರುವಿನಿಂದ ಆ ಫೈನಲ್ ನಡೆದ ಎಪ್ಪತ್ತಾರರ ಸ್ಕೋರ್ ಪುಸ್ತಕ ತೆಗೆದ. ಅದರಲ್ಲಿ ಏನಿದೆ ಎಂದು ನೋಡಬೇಕಾಗಿರಲಿಲ್ಲ. ಇನ್ನೂ ಇದೆಯೇ ಎಂದು ನೋಡಬೇಕಾಗಿತ್ತು.

ಸ್ಕೋರ್ ಪುಸ್ತಕದಲ್ಲಿ ಬುಟ್ಟಿಗೆ ಹಾಕಿದವನ ನಂಬರು ಬರೆಯುವುದಷ್ಟೇ ಪದ್ಧತಿ. ಚೆಂಡು ಕೊಟ್ಟವನಿಗೆ ಅಲ್ಲಿ ಜಾಗವಿಲ್ಲ. ಶಿವಮೂರ್ತಿಗೆ ಅದು ಅನ್ಯಾಯವೆನಿಸಿ, ಯಾರೂ ಹೇಳದಿದ್ದರೂ ಪ್ರತಿ ಪಂದ್ಯದಲ್ಲಿ ಪಾಸು ಕೊಟ್ಟವನ ನಂಬರಿನ ಮುಂದೆ ಒಂದೊಂದು ಚುಕ್ಕಿ ಇಡುತ್ತಿದ್ದ. ಫೈನಲ್ ಪುಟದಲ್ಲಿ ಏಳನೆಯ ನಂಬರಿನ ಮುಂದೆ ಹದಿನಾಲ್ಕು ಚುಕ್ಕಿಗಳಿದ್ದವು. ಮೊದಲ ಮೂರು ನೀಲಿ ಶಾಯಿಯವು. ಉಳಿದ ಹನ್ನೊಂದು ಪೆನ್ಸಿಲ್ಲಿನವು.

ಆ ದಿನ ಅರ್ಧ ಆಟ ಮುಗಿಯುವ ಹೊತ್ತಿಗೆ ನಿಂಗರಾಜುವಿನ ಬೆರಳು ಮುರಿದಿತ್ತು. ಟೆಂಟಿನ ಹಿಂದೆ ಅವನು ಏಳನೆಯ ನಂಬರಿನ ಬನಿಯನ್ ಬಿಚ್ಚಿ ಹರದನಹಳ್ಳಿಯ ಸಿದ್ದಯ್ಯನಿಗೆ ತೊಡಿಸಿದ. ಕಾಲೇಜಿಗೆ ಇದ್ದದ್ದೇ ಎಂಟು ಬನಿಯನ್. ಒಬ್ಬ ಹೊರಗೆ ಬಂದರೆ ಅವನ ಬೆವರಿನ ಬನಿಯನ್ನಿನಲ್ಲೇ ಇನ್ನೊಬ್ಬ ಒಳಗೆ ಹೋಗುವುದು ಅವರ ರೂಢಿ. ಆದರೆ ಸಿದ್ದಯ್ಯನ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಕಬ್ಬಿನ ಗದ್ದೆಗೆ ಕೂಲಿಗೆ ಹೋಗಿ ಹಾಜರಿ ಕಡಿಮೆಯಾಗಿ ಅವನ ಹೆಸರು ಬಿಟ್ಟಿದ್ದರು. ಬನಿಯನ್ ಗಂಟು ಹೊರಲು ಬಂದಿದ್ದ. ಇಬ್ಬರದೂ ಒಂದೇ ಎತ್ತರ, ತಲೆಗೆ ಕಟ್ಟಿದ ಟವಲೂ ಅದೇ. ರೆಫ್ರಿ ಹೊರಗಿನವನು, ಅವನಿಗೆ ತಿಳಿಯಲಿಲ್ಲ. ಸ್ಕೋರ್ ಮೇಜಿನಲ್ಲಿ ಕುಳಿತಿದ್ದ ಶಿವಮೂರ್ತಿಗೆ ತಿಳಿಯಿತು. ಅವನು ಬಾಯಿ ಬಿಡಲಿಲ್ಲ. ಪೆನ್ನು ಇಟ್ಟು ಪೆನ್ಸಿಲ್ ತೆಗೆದುಕೊಂಡ, ಅಷ್ಟೇ.

ಆಮೇಲೆ ನಡೆದದ್ದನ್ನು ಅವನು ಇಂದಿಗೂ ಕಣ್ಣು ಮುಚ್ಚಿದರೆ ಕಾಣಬಲ್ಲ. ಗುಂಡ್ಲುಪೇಟೆಯದು ಮಣ್ಣಿನ ಅಂಕಣ, ಕೆಲವು ಕಡೆ ಚೆಂಡು ಪುಟಿಯದೆ ಸತ್ತು ಬೀಳುತ್ತಿತ್ತು. ಸಿದ್ದಯ್ಯ ಹಿಂದಿನ ದಿನವೇ ಬರಿಗಾಲಲ್ಲಿ ಅಂಕಣ ಪೂರ್ತಿ ತುಳಿದು ನೋಡಿದ್ದ, ಉಳುವವನು ಹೊಲ ನೋಡುವ ಹಾಗೆ. ಎದುರಾಳಿಯನ್ನು ಚೆಂಡು ಸಾಯುವ ಜಾಗಕ್ಕೆ ಎಳೆದು ತಂದು, ತಾನು ಎಲ್ಲೋ ನೋಡುತ್ತಾ, ಚೆಂಡನ್ನು ಇನ್ನೆಲ್ಲೋ ಬಿಡುತ್ತಿದ್ದ. ಹನ್ನೊಂದು ಸಲ. ಪಂದ್ಯ ಗೆದ್ದರು, ಕಪ್ಪು ಬಂತು. ಆ ಹದಿನಾಲ್ಕರ ಬಲದಿಂದ ನಿಂಗರಾಜು ವಿಶ್ವವಿದ್ಯಾಲಯದ ತಂಡಕ್ಕೆ ಹೋದ. ಸಿದ್ದಯ್ಯ ಆ ವರ್ಷವೇ ಕಾಲೇಜು ಬಿಟ್ಟ.

“ಅವ್ರಿಗೆ ಬೇಕಾದಂಗೆ ಬರ್ದು ಕೊಟ್ಬುಡಿ, ನಿಮ್ಗ್ಯಾಕೆ?” ಎಂದಳು ಶನಿವಾರ ರಾತ್ರಿ ಶಿವಮೂರ್ತಿಯ ಹೆಂಡತಿ ಮಂಗಳಗೌರಿ. “ನಾಕ್ ದಿವ್ಸದಿಂದ ಮುದ್ದೆ ಮುರೀತಿದ್ದೀರಿ, ಉಣ್ತಿಲ್ಲ.”

ಭಾನುವಾರ ಬೆಳಿಗ್ಗೆ ಅವನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಗುಂಡ್ಲುಪೇಟೆಗೆ ಹೋಗಿ, ಊಟಿ ಬಸ್ಸು ಹಿಡಿದು ಬಂಡೀಪುರದಲ್ಲಿ ಇಳಿದ. ಸಿದ್ದಯ್ಯ ಅಲ್ಲಿ ಅರಣ್ಯ ಇಲಾಖೆಯ ವಾಚರ್ ಎಂದು ಕೇಳಿದ್ದ. ಗೇಟಿನ ಹಗ್ಗ ಹಿಡಿದು ನಿಂತಿದ್ದ ಖಾಕಿಯವನು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಓ, ಶಿವಮೂರ್ತಿ. ಈಗ ಗುಮಾಸ್ತ್ರಂತೆ. ಏನು, ಆನೆ ನೋಡಕ್ ಬಂದ್ರಾ?”

ಶಿವಮೂರ್ತಿ ತೊದಲುತ್ತಾ ಸಂಚಿಕೆಯ ವಿಷಯ ಹೇಳಿದ. “ನಿಮ್ಮ ಹೆಸರು ಸೇರಿಸಬೇಕು ಅಂತ, ಸಿದ್ದಯ್ಯ.”

“ಅತ್ತೊಂಬತ್ತು ವರ್ಸ ಆದ್ಮೇಲೆ ನ್ಯಾಪ್ಕ ಬಂತಾ?”

“ನಾನು ಒಂದು ದಿನವೂ ಮರೆತಿಲ್ಲ.”

“ಅದು ಇನ್ನೂ ಕೆಟ್ಟದ್ದು. ಮರ್ತಿದ್ರೆ ಬುಡು ಪಾಪ ಅನ್ಬೋದಿತ್ತು.” ಸಿದ್ದಯ್ಯ ಹಗ್ಗವನ್ನು ಕೈಗೆ ಸುತ್ತಿಕೊಂಡ. “ನಿಂಗರಾಜ ಎಂತೋನು ಅಂತ ನಂಗೆ ಅವತ್ತೇ ಗೊತ್ತಿತ್ತು. ಅವುನ್ ಮೇಲೆ ಸಿಟ್ಟಿಲ್ಲ. ನೀವು ಪೆನ್ನಿಡ್ಕಂಡು ಮುಂದೇನೇ ಕೂತಿದ್ರಿ.”

“ಪೆನ್ಸಿಲ್ಲಲ್ಲಿ ಗುರುತು ಮಾಡಿದ್ದೀನಿ. ನೋಡಿ ಬೇಕಾದ್ರೆ.” ಶಿವಮೂರ್ತಿ ಅವಸರದಿಂದ ಪುಟ ಬಿಚ್ಚಿದ.

ಸಿದ್ದಯ್ಯ ಬಗ್ಗಿ ನೋಡಿದ. ಬೆರಳಿಟ್ಟು ಒಂದೊಂದನ್ನೇ ಎಣಿಸಿದ. ಹನ್ನೊಂದಕ್ಕೆ ಬಂದಾಗ ಅವನ ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಕೊಂಕು ನಗೆ ನಕ್ಕ.

“ಪೆನ್ಸಿಲ್ಲು! ಯಾಕೆ, ಅಳ್ಸಕ್ ಸಲೀಸಾಗ್ಲಿ ಅಂತಾವಾ?”

ಶಿವಮೂರ್ತಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡ. ಆ ಪೆನ್ಸಿಲ್ ತನ್ನ ಪ್ರಾಮಾಣಿಕತೆಯೋ ಪುಕ್ಕಲುತನವೋ ಎಂದು ಅವನಿಗೇ ಇಷ್ಟು ವರ್ಷ ತೀರ್ಮಾನವಾಗಿರಲಿಲ್ಲ.

“ನನ್ನೆಸ್ರು ಬರೀರಿ, ಇಲ್ಲಾ ಬುಡಿ. ಬರ್ದ್ರೆ ಮಾತ್ರ ಮೊದ್ಲು ನಿಮ್ಮೆಸ್ರು ಬರೀರಿ. ಲಾರಿ ಬಂತು, ಅತ್ತಗೆ ನಿಂತ್ಕಳಿ.”

ಒಂದು ಲೋಟ ನೀರೂ ಕೊಡಲಿಲ್ಲ. ಶಿವಮೂರ್ತಿ ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕುಳಿತ. ಸಿದ್ದಯ್ಯ ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ.

ಸೋಮವಾರ ಕಚೇರಿಗೆ ಬಂದ ನಿಂಗರಾಜು ಹೊಸ ಲೇಖನವನ್ನು ನಿಂತುಕೊಂಡೇ ಓದಿದ. ‘ಎಪ್ಪತ್ತಾರರ ಫೈನಲ್‌ನಲ್ಲಿ ಸ್ಕೋರ್ ಬರೆದವನು ನಾನು, ಶಿವಮೂರ್ತಿ. ಆಡುತ್ತಿದ್ದವನು ಬೇರೆಯೆಂದು ತಿಳಿದೂ ಸುಮ್ಮನಿದ್ದೆ’ ಎಂದು ಅದು ಶುರುವಾಗುತ್ತಿತ್ತು.

“ತಲೆ ನೆಟ್ಟಗದಾ ನಿಂಗೆ? ಗಾಜಿನ ಬೀರುವಿಂದ ಕಪ್ಪು ತಗ್ದು ಸೋತೋರ್ ಮನೆಗೆ ಕೊಟ್ಟು ಬರ್ತೀಯಾ?”

“ಕೊಡಬೇಕು ಅಂದ್ರೆ ಕೊಡೋಣ ಸಾರ್.”

“ಮೊದ್ಲು ಸಿಕ್ಕಾಕಳದು ನೀನು ಕಣ್ಲಾ! ಸುಳ್ಳು ಪುಸ್ತಕ ಬರ್ದ ಗುಮಾಸ್ತನ್ನ ಯಾವ ಮಂಡ್ಳಿ ಇಟ್ಕತದೆ? ಸಾಕ್ಷಿ ಏನದೆ?”

ಶಿವಮೂರ್ತಿ ಪುಟ ತೆರೆದು ತೋರಿಸಿದ. ನೀಲಿ ಮೂರು, ಪೆನ್ಸಿಲ್ ಹನ್ನೊಂದು. ನಿಂಗರಾಜು ಬಹಳ ಹೊತ್ತು ನೋಡಿದ. ಅವನ ಸಿಟ್ಟು ಇಳಿಯಿತು. ಅದರ ಜಾಗಕ್ಕೆ ಬಂದದ್ದು ಇನ್ನೂ ಕೆಟ್ಟದಾಗಿತ್ತು. ಮೇಜಿನ ಮೇಲಿದ್ದ ರಬ್ಬರನ್ನು ಎತ್ತಿ, ಮಗುವಿಗೆ ಕೊಡುವ ಹಾಗೆ, ಪುಟದ ಮೇಲಿಟ್ಟ.

“ಪೆನ್ಸಿಲ್ ತಾನೆ? ಉಜ್ಜು. ಮೂರೇ ಉಳೀಲಿ. ನನ್ನೆಸ್ರೂ ಬ್ಯಾಡ, ಅವ್ನೆಸ್ರೂ ಬ್ಯಾಡ. ನಿನ್ ಕೆಲ್ಸಾನೂ ಉಳೀತದೆ.”

ಎಷ್ಟು ನ್ಯಾಯವಾಗಿ ಕೇಳಿಸಿತು ಅದು! ಶಿವಮೂರ್ತಿಯ ಕೈ ರಬ್ಬರಿನವರೆಗೆ ಹೋಯಿತು ಕೂಡ. ಅಳಿಸುವುದು ನಿಜವಾಗಿಯೂ ಸಲೀಸಿತ್ತು. ಅದೇ ಅವನನ್ನು ತಡೆಯಿತು. ರಬ್ಬರನ್ನು ಪಕ್ಕಕ್ಕೆ ಸರಿಸಿ, ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದ.

“ಏನ್ಲಾ ಮಾಡ್ತಿದ್ದೀಯ?”

ಮೊದಲನೆಯ ಪೆನ್ಸಿಲ್ ಚುಕ್ಕಿಯ ಮೇಲೆ ಶಾಯಿ ಇಟ್ಟ. ಎರಡನೆಯದರ ಮೇಲೆ ಇಟ್ಟ. ನಿಂಗರಾಜು ಅವನಿಗೂ ಅವನ ತಂದೆಗೂ ಸೇರಿಸಿ ಬೈಯುತ್ತಲೇ ಇದ್ದ. ಪುಸ್ತಕ ಕಿತ್ತುಕೊಳ್ಳಲು ಕೈ ಚಾಚಿದಾಗ ಶಿವಮೂರ್ತಿ ಎಡಮೊಣಕೈಯನ್ನು ಪುಟದ ಸುತ್ತ ಅಡ್ಡವಿಟ್ಟುಕೊಂಡ, ಪರೀಕ್ಷೆಯಲ್ಲಿ ಹುಡುಗರು ಮಾಡುವಂತೆ. ಆ ಎಳೆದಾಟದಲ್ಲಿ ಆರನೆಯ ಚುಕ್ಕಿ ಸ್ವಲ್ಪ ದೊಡ್ಡದಾಯಿತು. ಅದನ್ನು ನೋಡಿದವರು ತಿದ್ದಿದ್ದಾರೆ ಎಂದುಕೊಂಡಾರೇನೋ ಎಂಬ ಚಿಂತೆ ಆಗಲೇ ಶುರುವಾಯಿತು. ಆದರೂ ಏಳನೆಯದಕ್ಕೆ ಹೋದ.

ಹನ್ನೊಂದೂ ಮುಗಿದ ಮೇಲೆ ಅಂಚಿನಲ್ಲಿ ‘ಇವು ಸಿದ್ದಯ್ಯನವು’ ಎಂದು ಬರೆದು, ಕೆಳಗೆ ರುಜು ಮಾಡಿ, ಅಂದಿನ ತಾರೀಖು ಹಾಕಿದ. ಶಾಯಿ ಆರುವವರೆಗೆ ಮೊಣಕೈ ತೆಗೆಯಲಿಲ್ಲ.